ಚಿನ್ನದ ನೀರು, ಉಪ್ಪಿನ ಮಾವಿನಕಾಯಿ

ಮೋನಪ್ಪ ದೋಸೆ ಹುಯ್ಯಲು ನಿಂತನೆಂದರೆ, ಲೋಕಲ್ ರೈಲು ತಪ್ಪಿದರೆ ತಪ್ಪಲಿ ಎಂದು ಜನ ಕೂತೇಬಿಡುತ್ತಿದ್ದರು. ಮುಂಬಯಿಯ ದಾದರ್ ಸ್ಟೇಷನ್ನಿನೆದುರು ಪೂವಪ್ಪ ಶೆಟ್ಟರ ಹೋಟೆಲು ನಡೆದದ್ದೇ ಅವನ ಕೈಯಿಂದ. ಅಂಥವನು ಒಂದು ಬೆಳಗ್ಗೆ ಫಿಟ್ಸ್ ಬಂದು ಒಲೆಯ ಪಕ್ಕದಲ್ಲೇ ಬಿದ್ದ. ಆಸ್ಪತ್ರೆಯ ಡಾಕ್ಟರು ಫಿಟ್ಸ್ ತಡೆಯುವ ಬ್ರೋಮೈಡ್ ಔಷಧ ಕೊಟ್ಟರು. ಕುಡಿದರೂ ಮತ್ತೆ ಬಿದ್ದ. ಶೆಟ್ಟರು ಅವನ ಕೈಯಿಂದ ಸಟ್ಟುಗ ಕಿತ್ತುಕೊಂಡು ತೆಂಗಿನಕಾಯಿ ತುರಿಯಲು ಕೂರಿಸಿದರು.

"ಇನ್ನೊಮ್ಮೆ ಬಿದ್ದರೆ ಊರಿನ ಬಸ್ಸು ಹತ್ತು ಮಾರಾಯ. ನಿನ್ನನ್ನು ಕಾವಲಿಯಲ್ಲಿ ಹುರಿದ ಪಾಪ ನನಗೆ ಬೇಡ."

ಔಷಧ ಮೈಗೆ ಹತ್ತುತ್ತಿದೆಯೇ ನೋಡೋಣವೆಂದು ಡಾಕ್ಟರು ಅವನನ್ನು ಲ್ಯಾಬಿಗೆ ಕಳಿಸಿದರು. ಅಲ್ಲಿದ್ದವರು ಧಾರವಾಡದ ಮುರಿಗೆಪ್ಪ. ನೆತ್ತರು ತೆಗೆದು, ಅದರ ಗಟ್ಟಿಯನ್ನು ಸೋಸಿ, ಉಳಿದ ತಿಳಿಗೆ ಚಿನ್ನ ಕರಗಿಸಿದ ನೀರು ಬಿಟ್ಟರು. ನೆತ್ತರಲ್ಲಿ ಬ್ರೋಮೈಡ್ ಹೆಚ್ಚಿದ್ದಷ್ಟೂ ಅದು ಕಂದು ಬಣ್ಣಕ್ಕೆ ತಿರುಗಬೇಕಂತೆ.

"ನನ್ನ ನೆತ್ತರಿಗೆ ಚಿನ್ನವಾ? ಹೆಂಡತಿಯ ಕಿವಿಗೇ ಇಲ್ಲ!" ಎಂದ ಮೋನಪ್ಪ.

ಮುರಿಗೆಪ್ಪ ಅವನ ಗಾಜಿನ ನಳಿಗೆಯನ್ನು, ಬಣ್ಣ ಹೋಲಿಸಲು ಇಟ್ಟ ಅಳತೆಯ ನಳಿಗೆಗಳ ಸಾಲಿಗೆ ಹಿಡಿದು ನೋಡಿದರು. ಬರೀ ತೆಳು ಹಳದಿ.

"ಖರೇ ಹೇಳಪಾ, ಔಷಧ ಮೋರಿಗೆ ಸುರೀತೀಯೇನು?"

"ದೇವರಾಣೆ ಇಲ್ಲ! ಕುಡಿದ ಮೇಲೆ ಬಾಯಿ ಕೆಡ್ತದಲ್ಲ, ಅದಕ್ಕೆ ಗಂಜಿಯೊಟ್ಟಿಗೆ ಉಪ್ಪುನೀರಿನ ಮಾವಿನಕಾಯಿ ತಿನ್ನುವುದು. ಆ ನೀರನ್ನೂ ಸ್ವಲ್ಪ ಗಂಜಿಗೆ ಹೊಯ್ಕೊಳ್ತೇನೆ."

"ಉಪ್ಪು ಅಳತಿಯೊಳಗ ಇರಲಿ ಅಂತ ಡಾಕ್ಟರು ಹೇಳಿದ್ದಿಲ್ಲೇನು?"

"ಹೇಳಿದ್ದರು. ಅದು ಸಾಂಬಾರಿನ ಉಪ್ಪಿಗೆ ಅಲ್ಲವಾ? ಇದು ಮಾವಿನಕಾಯಿ!"

ಮುರಿಗೆಪ್ಪ ನಕ್ಕ ನಗುವಿಗೆ ನಳಿಗೆಗಳು ಗಲಗಲ ಎಂದವು. "ಮೈಯಾಗ ಉಪ್ಪು ಹೆಚ್ಚಾತಂದ್ರ ಬ್ರೋಮೈಡ್ ಉಚ್ಚಿಯೊಳಗ ಹೊಂಟ ಹೋಗ್ತದೋ ಮಾರಾಯಾ!"

ಡಾಕ್ಟರು ಕರೆದು ಮತ್ತೆ ಬಿಡಿಸಿ ಹೇಳಿದರು: ಉಪ್ಪು ಪೂರ್ತಿ ಬಿಟ್ಟರೆ ಔಷಧ ಮೈಯಲ್ಲಿ ಏರಿ ತೂಕಡಿಕೆ ಹಿಡಿಯುತ್ತದೆ, ದಿನವೂ ಒಂದೇ ಅಳತೆಯ ಉಪ್ಪು ತಿನ್ನು, ಮಾವಿನಕಾಯಿ ಮಾತ್ರ ಬೇಡ. ಹೆಂಡತಿ ಸೇವಂತಿ ಉಪ್ಪುನೀರಿನ ಭರಣಿಯನ್ನು ಅಟ್ಟಕ್ಕೇರಿಸಿದಳು. ಮೋನಪ್ಪ ಗಂಜಿಯ ಮುಂದೆ ಕೂತು ಅಟ್ಟ ನೋಡುತ್ತಿದ್ದ, ಅಷ್ಟೇ.

ಮಳೆಗಾಲ ಕಳೆಯಿತು. ಮೋನಪ್ಪ ಬೀಳಲಿಲ್ಲ. ಮತ್ತೆ ನೆತ್ತರು ನೋಡುವ ದಿನ ಶೆಟ್ಟರು ತಾವೇ ಜೊತೆಗೆ ಹೋದರು. ಬೇರೆಯವರ ಮಾತು ನಂಬುವ ಜೀವವಲ್ಲ ಅದು. ಚಿನ್ನದ ನೀರು ಬಿದ್ದದ್ದೇ ತಿಳಿ ಕಂದು ಬಣ್ಣಕ್ಕೆ ತಿರುಗಿ, ಬೇಕಾದ ಅಳತೆಯ ನಳಿಗೆಗೆ ಸರಿಯಾಗಿ ಕೂತಿತು. ಡಾಕ್ಟರೂ ತಲೆಯಾಡಿಸಿದರು.

"ಅರೆ, ನಮ್ಮ ಕಾಫಿಯದೇ ಬಣ್ಣ!" ಎಂದರು ಶೆಟ್ಟರು. "ನಾಳೆಯಿಂದ ಕಾವಲಿಗೆ ನಿಲ್ಲು. ಬಿದ್ದರೆ ಹಿಡಿಯಲು ಬಗಲಲ್ಲಿ ಕೆಲಸದ ಹುಡುಗ ಚೆನ್ನಯನೂ ನಿಲ್ಲಲಿ."

ಮರುದಿನ ಮೊದಲ ದೋಸೆ ಎದ್ದದ್ದು ಹೋಟೆಲಿಗೆ ಬಂದ ಮುರಿಗೆಪ್ಪನವರಿಗೆ. ಅದರ ಜೊತೆಗೆ ಸೇವಂತಿ ಅಟ್ಟದ ಭರಣಿಯನ್ನೂ ಕಳಿಸಿದ್ದಳು.

"ನೀವು ತಿನ್ನಿ ಅಣ್ಣ," ಎಂದ ಮೋನಪ್ಪ ಸಟ್ಟುಗ ಆಡಿಸುತ್ತ. "ನಿಮ್ಮ ನೆತ್ತರನ್ನು ಯಾರೂ ನೋಡುವುದಿಲ್ಲವಲ್ಲ!"