ಒಂದು ಶೂ ಬಿಚ್ಚಿದವಳು

ನಮ್ಮ ಮನೆಯವರೆಲ್ಲ ಹೇಳುವ ಪ್ರಕಾರ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಮದುವೆಯಾಗದೆ ಉಳಿದದ್ದು ಒಬ್ಬ ಇಂಜಿನಿಯರಿಗಾಗಿ ಕಾದು. ಕೆನಡಾಕ್ಕೆ ಬರುತ್ತೇನೆ ಎಂದವನು ಬರಲಿಲ್ಲವಂತೆ, ಮೈಸೂರಿನಲ್ಲೇ ಬೇರೆ ಮದುವೆಯಾದನಂತೆ. ಪುರಾವೆ ಎಲ್ಲಿ ಎಂದರೆ ಕೆನಡಾದ ಒಶಾವಾದಲ್ಲಿ, ಅತ್ತೆಯ ಮನೆಯ ಹಾಲ್‌ನಲ್ಲಿರುವ ಚಿತ್ರವನ್ನು ತೋರಿಸುತ್ತಾರೆ. ಗೋಡೆಯ ಮೇಲಿನ ಚಿತ್ರ ಯಾರ ಬದುಕಿಗೂ ಸಾಕ್ಷಿಯಲ್ಲ ಎಂದು ನಾನು ಶಾಲೆಯ ಡಿಬೇಟ್ ತಂಡ ಸೇರಿದಾಗಿನಿಂದ ವಾದಿಸಿದ್ದೇನೆ. ಕೇಳಿದವರಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದ ಯಾವುದೋ ವರ್ಣಚಿತ್ರದ ದೊಡ್ಡ ಪ್ರಿಂಟು ಅದು. ಹಸಿರು ಗೌನಿನ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕೂತಿದ್ದಾಳೆ. ಕಣ್ಣು ಮುಚ್ಚಿದೆ, ತಲೆ ಗೋಡೆಗೆ ಒರಗಿದೆ, ಕೈಯಲ್ಲಿ ಒಂದು ಶೂ. ಕೆಳಗೆ, ಚಿತ್ರಕಾರನಿಗೆ ಸ್ಫೂರ್ತಿ ಕೊಟ್ಟ ಪದ್ಯದ ಎರಡು ಸಾಲು: ಬರುತ್ತೇನೆಂದವನು ಬರಲಿಲ್ಲ, ಬಾಗಿಲು ಮಾತ್ರ ತೆರೆದೇ ಇದೆ ಎಂಬರ್ಥದ್ದು. ನಿವೃತ್ತಿಯಾದ ಮೇಲೆ ಅತ್ತೆ ದಿನಾ ಸಂಜೆ ಕಾಫಿ ಹಿಡಿದು ಅದರ ಎದುರೇ ಕೂರುತ್ತಿದ್ದರು. ಕಥೆ ಕಟ್ಟಲು ಇನ್ನೇನು ಬೇಕು?

ಈ ವಸಂತದಲ್ಲಿ ಆ ಕಥೆ ಅಪಾಯಕಾರಿಯಾಯಿತು. ಒಶಾವಾದ ಮನೆ ಮಾರಿ ಪೋರ್ಟ್ ಕ್ರೆಡಿಟ್ ಎಂಬ ಊರಿನಲ್ಲಿ, ಸರೋವರ ಕಾಣುವ ಫ್ಲಾಟಿನಲ್ಲಿ ಒಬ್ಬರೇ ಇರುವುದು ಅತ್ತೆಯ ಆಸೆ. ಅಪ್ಪ ಒಪ್ಪಲಿಲ್ಲ. ಮನಸ್ಸಿನಲ್ಲಿ ಅಷ್ಟು ದುಃಖ ಇಟ್ಟುಕೊಂಡವಳು ಒಂಟಿಯಾಗಿರಬಾರದು, ನಮ್ಮ ಮನೆಯ ಕೆಳಗಿನ ಬೇಸ್‌ಮೆಂಟಿಗೇ ಬರಲಿ ಎಂದರು. ಸಾಮಾನು ಕಟ್ಟಲು ಹೋದ ದಿನ ಪ್ರತಿ ಪೆಟ್ಟಿಗೆಯ ಮೇಲೂ 'ಬೇಸ್‌ಮೆಂಟು' ಎಂದು ದಪ್ಪಗೆ ಬರೆದರು. ಜೀವನವಿಡೀ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟ ಡಾಕ್ಟರಾದ ಅತ್ತೆ, ತಮ್ಮನಿಗೆ ಎದುರಾಡದೆ ತಟ್ಟೆಗಳಿಗೆ ಪೇಪರು ಸುತ್ತುತ್ತಿದ್ದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬೇಡ ಎಂಬುದು ಡಿಬೇಟಿನಲ್ಲಿ ಕಲಿತ ಪಾಠ. ಅತ್ತೆ ನಿಜಕ್ಕೂ ಕಾಯುತ್ತಿದ್ದರೆ? ಅಪ್ಪನೇ ಗೆದ್ದಂತೆ. ಆದರೂ ಚಿತ್ರವನ್ನು ಗೋಡೆಯಿಂದ ಇಳಿಸುತ್ತಾ ಕೇಳಿಬಿಟ್ಟೆ: "ಅತ್ತೆ, ಇದನ್ನ ಯಾಕೆ ತಗೊಂಡ್ರಿ?"

"ಅವಳ ಕಾಲು ನೋಡೇ," ಎಂದರು. "ಒಂದು ಶೂ ಬಿಚ್ಚಿದಾಳೆ, ಇನ್ನೊಂದಕ್ಕೆ ಬಗ್ಗೋಕೂ ಆಗ್ತಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ನಾನೂ ಹಿಂಗೇ ಮೆಟ್ಟಿಲ ಮೇಲೆ ಕೂತ್ಬಿಡ್ತಿದ್ದೆ. ಮನೇಲಿ ಕಾಫಿ ಕೇಳೋರಿಲ್ಲ, ಎಲ್ಲಿದ್ದೆ ಅನ್ನೋರಿಲ್ಲ. ಎಂಥಾ ಸುಖ ಗೊತ್ತಾ?"

"ಮತ್ತೆ ಪದ್ಯ?"

"ಅದು ಬರೆದೋನ ತಾಪತ್ರಯ. ಹೆಂಗಸು ಸುಮ್ನೆ ಕೂತ್ರೆ ಸಾಕು, ಯಾರಿಗೋ ಕಾಯ್ತಿದಾಳೆ ಅಂದ್ಕೋತಾರೆ."

"ಇಂಜಿನಿಯರು?"

"ಅವನಾ? ಬರ್ಬೇಡ ಅಂದಿದ್ದೇ ನಾನು."

ಇದೂ ಒಂದು ಹೇಳಿಕೆಯಷ್ಟೇ, ಹೇಳಿದವರಿಗೆ ಫ್ಲಾಟು ಬೇಕಾಗಿದೆ ಎಂದು ನನ್ನ ಸಂಶಯದ ಬುದ್ಧಿ ಗೊಣಗಿತು. ಆದರೆ ಅತ್ತೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಸಾಕ್ಷಿಯ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿದೆ. ಎದೆಯ ಮೇಲೆ ಕೂತಿದ್ದ ಏನೋ ಎದ್ದು ಹೋದಂತಾಯಿತು. ಇಷ್ಟು ವರ್ಷ ನಾನು ಕನಿಕರದಿಂದ ನೋಡುತ್ತಿದ್ದ ಸಂಜೆಗಳೆಲ್ಲ ಬರೀ ಕಾಫಿ ಕುಡಿಯುವ ಸಂಜೆಗಳಾಗಿದ್ದವು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. ಮಾರ್ಕರು ತೆಗೆದು ಮೊದಲ ಪೆಟ್ಟಿಗೆಯ ಮೇಲಿನ 'ಬೇಸ್‌ಮೆಂಟು' ಹೊಡೆದುಹಾಕಿದರು. ಆಮೇಲೆ ಎರಡನೆಯದು. "ಅಕ್ಕ, ಆ ಫ್ಲಾಟಲ್ಲಿ ಮೊಳೆ ಹೊಡೆಯೋಕೆ ಬಿಡ್ತಾರಾ?" ಎಂದು ಕೇಳಿದಾಗ ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

ಮನೆ ಬದಲಿಸಿದ ದಿನ ಅತ್ತೆ ತಮ್ಮ ಕಾರಿನಲ್ಲಿ ಮುಂದೆ ಹೋದರು. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹಸಿರು ಗೌನಿನವಳು ಕಂಬಳಿ ಹೊದ್ದು ಮಲಗಿದ್ದಳು. ಅಪ್ಪ ರಸ್ತೆಯನ್ನೇ ನೋಡುತ್ತಿದ್ದರು. ಈ ಸಲ ಉತ್ತರವನ್ನು ಊಹಿಸಿಕೊಂಡೇ ನಾನು ಕೇಳಿದೆ:

"ಅಪ್ಪ, ಅತ್ತೆ ಕಾಯ್ತಿದಾರೆ ಅಂತ ಮೊದಲು ಹೇಳಿದ್ದು ಯಾರು?"