ಅತ್ತೆಯ ಒಡಪು, ನಮ್ಮ ರ‍್ಯಾಪು

ನಾನು ಮತ್ತು ನನ್ನ ನೆಗೆಣ್ಣಿ ಜೋಡಿಯಾಗಿ ರ‍್ಯಾಪ್ ಹಾಡುತ್ತೇವೆ ಎಂದರೆ ಜನ ಈಗಲೂ ಮೊದಲು ನಗುತ್ತಾರೆ. ನಗಲಿ ಬಿಡಿ. ಒಂದೇ ಮನೆಯ ಇಬ್ಬರು ಸೊಸೆಯಂದಿರು ನಾವು. ನಾನು ಲಿಂಗಸುಗೂರಿನ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಅವಳು ಸಿಂಧನೂರಿನಲ್ಲಿ ನರ್ಸು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತರೆ ನಗು ಬರುವುದೇ. ನಮ್ಮ ಗಂಡಂದಿರಿಗೂ ಬಂದಿತ್ತು. ಆಮೇಲೆ ಅಣ್ಣ ತಮ್ಮ ಇಬ್ಬರೂ ತೆಪ್ಪಗೆ ಸ್ಪೀಕರ್ ಹೊರುವ ಕೆಲಸಕ್ಕೆ ಬಿದ್ದರು.

ಶುರುವಾದದ್ದು ನೆಗೆಣ್ಣಿಯ ಫೋನಿನಿಂದ. ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಒಲೆಯ ಪಕ್ಕ ಕುಳಿತು ಯಾವುದೋ ವಿಡಿಯೋ ತೋರಿಸಿದಳು. ದೂರದ ದೇಶದ ಇಬ್ಬರು ಯಹೂದಿ ಗಂಡಸರು, ನೆತ್ತಿಯ ಮೇಲೆ ಅಂಗೈಯಗಲದ ಟೋಪಿ, ಎದುರುಬದುರು ನಿಂತು ಬಾಯಿಗೆ ಬಿಡುವಿಲ್ಲದಂತೆ ಹಾಡುತ್ತಿದ್ದರು. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಅಕ್ಷರ ಓದಿ ಓದಿ ನಾನು ಅರ್ಥ ಹೇಳಿದೆ. ತಮ್ಮ ಹಬ್ಬ, ತಮ್ಮ ಮನೆಯ ಊಟದ ಕಟ್ಟಳೆ, ತಮ್ಮ ಅಮ್ಮಂದಿರ ಬೈಗುಳ, ಬರೀ ಅದೇ! ಒಬ್ಬ ಸಾಲು ಎಸೆದರೆ ಇನ್ನೊಬ್ಬ ಕೆಳಗೆ ಬೀಳಲು ಬಿಡದೆ ಹಿಡಿಯುತ್ತಿದ್ದ.

“ಅಕ್ಕಾ, ಇವ್ರು ಮಾಡಾಕತ್ತಿದ್ದೇನು? ನಮ್ಮತ್ತಿ ಒಡಪು ಹೇಳ್ತಿದ್ದಿಲ್ಲೇನು, ಅದ ಅಲ್ಲೇನಿದು?” ಎಂದಳು ನೆಗೆಣ್ಣಿ.

ಹೌದಲ್ಲ ಎನ್ನಿಸಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಅದೇ ಹೆಸರನ್ನು ಪ್ರಾಸ ಕಟ್ಟಿ ಎಲ್ಲರ ಮುಂದೆ ಹೇಳದೆ ಬಿಡುಗಡೆಯಿಲ್ಲ. ಅದೇ ಒಡಪು. ನಮ್ಮತ್ತೆ ಅದರಲ್ಲಿ ಪಕ್ಕಾ ಉಸ್ತಾದ್. ಅವರ ತವರು ಸಂತೆಕಲ್ಲೂರು, ಗಂಡನ ಊರು ಸಿಂಧನೂರು ಕಡೆಯ, ಕಾಲುವೆ ನೀರಿನ ವಳಕಮದಿನ್ನಿ. ಮಾವನನ್ನು ಮದುವೆಯಾದ ಹೊಸದರಲ್ಲಿ ಕಟ್ಟಿದ ಒಡಪು ಅವರ ಬಾಯಲ್ಲಿ ಹೀಗಿತ್ತು:

ಸಂತೆಕಲ್ಲೂರ ಜ್ವಾಳ, ಸಿಂಧನೂರ ನೆಲ್ಲ,
ನಕ್ಕರ ಕಾಣತಾವ ಬಾಯಾನ ಎಲ್ಲಾ ಹಲ್ಲ,
ಅಂಗಿ ಗುಂಡಿ ಒಂದೂ ನೆಟ್ಟಗ ಹಾಕಾಂವಲ್ಲ,
ಆದ್ರೂ ಇಂವನ ಬಿಟ್ಟು ನನಗ್ಯಾರಿಲ್ಲ…

ಇದಾದ ಮೇಲೆ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಆ ಹೆಸರು ಅವರದು.

ಮಾವ ತೀರಿಹೋದ ಮೇಲೆ ಅತ್ತೆ ಒಡಪು ಬಿಟ್ಟರು. ನಮ್ಮದು ಬೌದ್ಧರ ಮನೆ. ಗಂಡ ಸತ್ತವಳ ಬಳೆ ಒಡೆಯುವಂಥ ದರಿದ್ರ ಪದ್ಧತಿಗಳನ್ನೆಲ್ಲ ಮಾವನೇ ಮುಂದೆ ನಿಂತು ಬಿಡಿಸಿದ್ದರು. ಅತ್ತೆಯ ಕೈಯಲ್ಲಿ ಇವತ್ತಿಗೂ ಹಸಿರು ಬಳೆಗಳಿವೆ. ಆದರೆ ಮದುವೆಮನೆಯಲ್ಲಿ ಒಡಪಿನ ಸರದಿ ಬಂದರೆ ಮಾತ್ರ ಅವರು ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದರು.

ನಾವಿಬ್ಬರೂ ಹಾಡು ಕಟ್ಟಿದ್ದು ಹೆಚ್ಚಾಗಿ ಅಡುಗೆಮನೆಯಲ್ಲಿ. ಒಬ್ಬಳು ರೊಟ್ಟಿ ಬಡಿದರೆ ಅದೇ ತಾಳ, ಇನ್ನೊಬ್ಬಳು ಸಾಲು ಕೂಡಿಸುವುದು. ಶೇರ್ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕೂರುವ ಕಷ್ಟ, ಹಾಸ್ಟೆಲ್ಲಿನ ನೀರು ಸಾರು, ಇಂಜೆಕ್ಷನ್ ಎಂದರೆ ಓಡಿಹೋಗುವ ಮೀಸೆಯ ಗಂಡಸರು, ಎಲ್ಲ ಹಾಡಾದವು. ಮುಕ್ಕುಂದದ ಒಂದು ಮದುವೆಯಲ್ಲಿ ಹಾಡಿದೆವು, ನನ್ನ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಹಾಡಿದೆವು. ಹೆಡ್‌ಮಾಸ್ತರರು ಮುಖ ಗಂಟು ಹಾಕಿಕೊಂಡೇ ಕೂತಿದ್ದು ಕೊನೆಗೆ ಕಾಲು ಕುಣಿಸಿದರು. ಊರೂರಿನ ಜಯಂತಿಗಳಿಗೆ ಕರೆ ಬರತೊಡಗಿತು. ಅತ್ತೆ ಪ್ರತಿ ಸಲವೂ ಬಂದು ಹೆಂಗಸರ ಸಾಲಿನಲ್ಲಿ ಕೂತು, ಮನೆಗೆ ಬಂದ ಮೇಲೆ “ಭಾಳ ಒದರತೀರಿ ಬಿಡ್ರಿ” ಎಂದು ಮೂಗು ಮುರಿಯುತ್ತಿದ್ದರು. ಬಿಡದೆ ಬರುತ್ತಿದ್ದರಲ್ಲ, ನಮಗೆ ಅಷ್ಟೇ ಸಾಕಾಗಿತ್ತು.

ಮಸ್ಕಿಯಲ್ಲಿ ಬುದ್ಧಪೂರ್ಣಿಮೆಯ ಕಾರ್ಯಕ್ರಮಕ್ಕೆ ಕರೆದಾಗ ನಮ್ಮ ತಲೆ ತಿರುಗಿತು. ದೊಡ್ಡ ವೇದಿಕೆ, ದೊಡ್ಡ ಹಾಡು ಬೇಕು. ಅತ್ತೆಯ ಒಡಪನ್ನೇ ಪಲ್ಲವಿ ಮಾಡಿದೆವು. ಅವರನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಾರೆ ಎಂಬ ಹೆದರಿಕೆ, ಖುಷಿಪಡಿಸಬೇಕೆಂಬ ಹುಚ್ಚು, ಎರಡೂ ಇದ್ದವು. ಹೆಸರಿಲ್ಲದೆ ಒಡಪು ಮುಗಿಯುವುದಿಲ್ಲವೆಂದು ಹೆಸರನ್ನೂ ಸೇರಿಸಿದೆವು. ಮಾವನ ಹೆಸರನ್ನು ಸೊಸೆಯರು ಹಾಗೆ ಹೇಳುವುದಿಲ್ಲ, ನಾವು ಮೈಕಿನಲ್ಲಿ ಕೂಗಿದೆವು. ಅಷ್ಟೇ ಅಲ್ಲ, ಜನರಿಂದಲೂ ಕೂಗಿಸಿದೆವು. ಇಡೀ ಮೈದಾನ ಮಾವನ ಹೆಸರು ಕೂಗಿತು. ಮೂರನೆಯ ಸಲ ಕೂಗುವಾಗ ನೋಡಿದರೆ ಅತ್ತೆಯ ಕುರ್ಚಿ ಖಾಲಿ.

ನನ್ನ ಗಂಡ ಓಡಿಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಹಿಡಿದರು. ಅಂದಿನಿಂದ ಅತ್ತೆ ನಮ್ಮಿಬ್ಬರೊಂದಿಗೆ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಿದ್ದರು, ನನ್ನ ಡಬ್ಬಿ ಕಟ್ಟುತ್ತಿದ್ದರು, ಮಾತು ಮಾತ್ರ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು. ನೆಗೆಣ್ಣಿ ಡ್ಯೂಟಿಯಿಂದ ಬಂದು ನನ್ನ ಮುಂದೆ ಅತ್ತಳು. ನನಗೆ ನನ್ನ ಮೇಲೇ ಸಿಟ್ಟು. ಅಷ್ಟೊತ್ತಿಗೆ ಲಿಂಗಸುಗೂರಿನ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಬರುವುದಿಲ್ಲವೆಂದು ಹೇಳಿ, ರ‍್ಯಾಪಿಗೂ ಕೈಮುಗಿಯುವುದೆಂದು ಇಬ್ಬರೂ ಗಟ್ಟಿ ಮಾಡಿದೆವು.

ಎರಡನೆಯ ವಾರ ಒಂದು ಬೆಳಿಗ್ಗೆ ಅತ್ತೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಗ ಇಬ್ಬರೂ ಹೋಗಿ ಮುಂದೆ ಕೂತೆವು.

“ಅತ್ತಿ, ನಮ್ದು ತಪ್ಪಾತ್ರಿ. ಇನ್ನ ಮ್ಯಾಲ ನಾವು ಹಾಡೂದಿಲ್ಲ,” ಎಂದೆ.

ಅವರು ಅಕ್ಕಿಯ ಮೊರದಿಂದ ಕಣ್ಣೆತ್ತಲಿಲ್ಲ. “ಹಾಡಬ್ಯಾಡ್ರಿ ಅಂತ ಯಾರಂದ್ರು ಬೇ?” ಎಂದರು. ಸ್ವಲ್ಪ ಹೊತ್ತು ಕಲ್ಲು ಆರಿಸಿದರು. “ಮದಿವ್ಯಾಗ ನಾ ಆ ಹೆಸರು ಹೇಳಿದಾಗೊಮ್ಮೆ ಗಂಡಸರ ಕಡೆ ತಿರುಗಿ ನೋಡ್ತಿದ್ದೆ. ಅಂವ ಅಲ್ಲಿ ಕುಂತು ಹಲ್ಲು ಕಿರೀತಿದ್ದ. ನನಗದು ರೂಢಿ ಬಿದ್ದೈತಿ. ಮಸ್ಕ್ಯಾಗ ನೀವು ಹೆಸರು ಹೇಳಿದ್ರಿ, ನಾ ತಿರುಗಿ ನೋಡಿದೆ.”

ನೆಗೆಣ್ಣಿ ಅವರ ಮೊಣಕಾಲ ಮೇಲೆ ತಲೆ ಇಟ್ಟುಬಿಟ್ಟಳು.

“ಏಳ್ರಿ, ಅಕ್ಕಿ ಚೆಲ್ಲತಾವ,” ಎಂದರು ಅತ್ತೆ. “ಲಿಂಗಸೂರಿಗೆ ಬರತೀವಿ ಅಂತ ಹೇಳ್ರಿ. ಒಡಪು ನೀವ ಹೇಳ್ರಿ. ಹೆಸರು ಬಂದಾಗ ಮೈಕು ನನ್ನ ಕೈಗೆ ಕೊಡ್ರಿ. ಅದನ್ನ ನಾ ಹೇಳ್ತೀನಿ.”

ಲಿಂಗಸುಗೂರಿನಲ್ಲಿ ಹಾಗೇ ಮಾಡಿದೆವು. ಮೂರು ಸಾಲು ನಾವು ಹಂಚಿಕೊಂಡೆವು, ನಾಲ್ಕನೆಯದನ್ನು ಇಬ್ಬರೂ ಕೂಡಿ ಹೇಳಿದೆವು. ನೆಗೆಣ್ಣಿ ಕೆಳಗಿಳಿದು ಮೊದಲ ಸಾಲಿನಲ್ಲಿದ್ದ ಅತ್ತೆಗೆ ಮೈಕು ಕೊಟ್ಟಳು. ಅತ್ತೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಮಾವನ ಹೆಸರನ್ನು ಪೂರ್ತಿಯಾಗಿ, ಒಂದಕ್ಷರವೂ ನುಂಗದೆ ಹೇಳಿದರು. ಜನ ಚಪ್ಪಾಳೆ ಹೊಡೆದರು. ಅತ್ತೆ ಗಂಡಸರ ಕುರ್ಚಿಗಳ ಕಡೆ ತಿರುಗಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ತಾಳ ಓಡುತ್ತಲೇ ಇತ್ತು, ನನ್ನ ಸಾಲು ಬಂದು ಹೋಯಿತು, ನಾನು ಹಾಡಲಿಲ್ಲ.

“ಇಲ್ಲ,” ಎಂದರು ಅತ್ತೆ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಆಮೇಲೆ ವೇದಿಕೆಯ ಕಡೆ ತಿರುಗಿ ನನ್ನನ್ನೇ ಗದರಿದರು: “ಯಾಕ ನಿಂತಿ ಬೇ? ಹಾಡು.”