ಗುರುಪಾದ ಕಾಕಾ ಕಟ್ಟಿದ ಉಗಿ ಎಂಜಿನ್

ಗುರುಪಾದ ಕಾಕಾ ಬೆಂಕಿಯ ಎದುರಿಗೆ ಎಂದೂ ನಿಲ್ಲುತ್ತಿರಲಿಲ್ಲ. ಮನೆಯ ಗ್ಯಾಸ್ ಒಲೆ ಹಚ್ಚುವಾಗಲೂ ಪಕ್ಕಕ್ಕೆ ಸರಿದು ಕೈಯಷ್ಟೇ ಚಾಚುತ್ತಿದ್ದರು. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಬಾಯ್ಲರ್ ನೋಡಿಕೊಂಡವರು. "ನನ್ನ ಪಾಳಿಯೊಳಗ ಒಬ್ಬಂವಗೂ ಒಂದು ಬೊಬ್ಬಿ ಎದ್ದಿಲ್ಲ ನೋಡಪಾ," ಎನ್ನುವುದು ಅವರಿಗಿದ್ದ ಒಂದೇ ಜಂಬ.

ನಿವೃತ್ತರಾಗಿ ಬನಹಟ್ಟಿಗೆ ಬಂದ ಮೇಲೆ, ಹಿತ್ತಲ ಕೋಣೆಯಲ್ಲಿ ಸಣ್ಣ ಲೇಥ್ ಇಟ್ಟುಕೊಂಡು ನಾಲ್ಕು ವರ್ಷ ರೈಲಿನ ಒಂದು ಪುಟ್ಟ ಉಗಿ ಎಂಜಿನ್ ಕಟ್ಟಿದರು. ಮೊಳಕ್ಕಿಂತ ತುಸು ಉದ್ದ. ತಾಮ್ರದ ಬಾಯ್ಲರ್, ಆರು ಗಾಲಿ, ನಿಜವಾದ ಕೆಂಡ, ನಿಜವಾದ ಉಗಿ. ಗೋಡೆಯಾಚೆ ನನ್ನ ಮಗ್ಗದ ಶೆಡ್ಡು. ಕರೆಂಟ್ ಹೋದಾಗಲೆಲ್ಲ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಒಂದು ಗಾಲಿ ಕೂದಲೆಳೆಯಷ್ಟು ಓರೆಯಾಯಿತೆಂದು ಆರನ್ನೂ ತೆಗೆದಿಟ್ಟು ಹೊಸದಾಗಿ ಕಡೆದಿದ್ದರು. "ಯಾರಿಗಿ ಕಾಣಸ್ತದರಿ ಕಾಕಾ?" ಎಂದರೆ, "ನನಗ ಕಾಣಸ್ತದಲ್ಲೋ ಮಬ್ಬ," ಎಂದಿದ್ದರು.

ಹೋದ ವರ್ಷ ದಸರೆಯಲ್ಲಿ, ಆಯುಧ-ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಮೊದಲ ಸಲ ಉಗಿ ಎಬ್ಬಿಸುವುದೆಂದಾಯಿತು. ಅವರು ಸ್ನಾನಕ್ಕೆ ಹೋಗಿದ್ದಾಗ, ನನ್ನ ಮಗ್ಗಗಳಿಗೆ ಹಚ್ಚಿ ಉಳಿದ, ನೀರಲ್ಲಿ ಕಲಸಿದ ವಿಭೂತಿಯ ಬಟ್ಟಲು ತಂದು ಎಂಜಿನ್ನಿಗೂ ಹಚ್ಚಿದೆ. ಬಾಯ್ಲರಿನ ನೆತ್ತಿಯ ಮೇಲೆ ಗುಂಡನೆಯ ಹಿತ್ತಾಳೆಯದೊಂದು ಭಾಗ ಥೇಟ್ ಲಿಂಗದಂತೆ ಕಾಣುತ್ತಿತ್ತು. ಅದಕ್ಕೆ ಧಾರಾಳವಾಗಿ ಬಳಿದೆ. ಒತ್ತಡ ಮಿತಿ ಮೀರಿದರೆ ಉಗಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಅದು. ಕಾಕಾ ಬಂದು ಮೇಲೆ ಮೇಲೆ ಬಟ್ಟೆಯಿಂದ ಒರೆಸಿದರು. ಒಳಗಿಳಿದು ಒಣಗಿದ್ದು ಇಬ್ಬರಿಗೂ ಕಾಣಲಿಲ್ಲ.

ಮಧ್ಯಾಹ್ನ ಕಾರ್ಖಾನೆಯ ಹಳೆಯ ಜೊತೆಗಾರ ಬಸಪ್ಪ ಬಂದರು. ಕಾಕಾನ ಹೆಂಡತಿ ನೀಲಮ್ಮ ಕಾಕು ಕಾಯಿ ಒಡೆದರು. ಬೆಂಕಿ ಹತ್ತಿತು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ವಾಲ್ವ್ ಏಳಬೇಕಿತ್ತು, ಏಳಲಿಲ್ಲ. ಮುಳ್ಳು ಗೆರೆ ದಾಟಿತು.

"ಎಲ್ಲಾರೂ ಹೊರಗ ನಡ್ರಿ," ಎಂದರು ಕಾಕಾ. ದನಿ ಏರಿರಲಿಲ್ಲ.

ಉಳಿದಿಬ್ಬರು ಹೋದರು. ನಾನು ಬಾಗಿಲಲ್ಲೇ ನಿಂತೆ. ಅವರು ಬೆಂಕಿಯ ಬಾಯಿಗೆ ನೇರ ಎದುರಾಗಿ ಕುಕ್ಕರಗಾಲಲ್ಲಿ ಕೂತರು. ಉಗಿ ಹೊರಹೋಗಲೆಂದು ಎಡಗೈಯಿಂದ ಸೀಟಿಯ ಹಿಡಿ ಎಳೆದು ಹಿಡಿದು, ಬಲಗೈಯ ಸಲಾಕೆಯಿಂದ ಕೆಂಡವನ್ನು ತಮ್ಮ ಕಡೆಗೇ ಎಳೆಯತೊಡಗಿದರು. ಸೀಟಿ ಕಿರುಚುತ್ತಲೇ ಇತ್ತು. ಕೆಂಡ ಪಾದದ ಮೇಲೆ ಬಿದ್ದರೂ ಕೈ ನಿಲ್ಲಲಿಲ್ಲ. ಮುಳ್ಳು ನಡುಗಿತು, ನಿಂತಿತು, ಆಮೇಲೆ ಕೆಳಗಿಳಿಯಿತು.

ಎಲ್ಲ ಆರಿದ ಮೇಲೆ ವಾಲ್ವ್ ಬಿಚ್ಚಿದರು. ಸ್ಪ್ರಿಂಗಿನ ಸುತ್ತ ಗಚ್ಚಿನಂತೆ ಕಟ್ಟಿಕೊಂಡ ವಿಭೂತಿ. ನನ್ನ ಮುಖ ನೋಡಿದರು. ಬಸಪ್ಪ ಒಳಗೆ ಬರುವಷ್ಟರಲ್ಲಿ ವಾಲ್ವ್ ಕಾಕಾನ ಜೇಬಿನಲ್ಲಿತ್ತು.

"ಏನಾತೋ ಗುರ್ಯಾ?" ಎಂದರು ಬಸಪ್ಪ.

"ವಾಲ್ವಿನ ಸ್ಪ್ರಿಂಗ್ ಭಾಳ ಬಿಗಿ ಮಾಡಿದ್ನೋ. ನಂದ ತಪ್ಪು."

"ಕಾರ್ಖಾನಿ ಬಾಯ್ಲರ್ ಪಳಗಿಸಿದಾಂವ ಆಟಗಿ ಸಾಮಾನಕ್ಕ ಸೋತ್ಯಲ್ಲಲೇ!"

ಕಾಕಾ ನಕ್ಕರು. ನಾನು ಬಾಯಿ ಬಿಡಲಿಲ್ಲ. ಆ ಮಾತು ಓಣಿ ದಾಟಿ ಮುಧೋಳದ ತನಕ ಹೋಯಿತು. ಅವರು ಎಂಜಿನ್ನಿಗೆ ಮತ್ತೆ ಬೆಂಕಿ ಹಾಕಲಿಲ್ಲ. ಕೇಳಿದವರಿಗೆ, "ಕಣ್ಣು ಮೊದಲಿನಂಗ ಇಲ್ಲಪಾ," ಎಂದುಬಿಡುತ್ತಿದ್ದರು. ಎಷ್ಟೋ ಸಲ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ಈ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ಮೂರನೆಯ ದಿನ ಜನ ಅಂಗಳದಲ್ಲಿ ಕೂತಿದ್ದಾಗ ಬಸಪ್ಪ ಕಣ್ಣೊರೆಸಿಕೊಂಡು, "ಜೀವಮಾನದಾಗ ಒಂದ ತಪ್ಪು ಮಾಡಿದಾ. ಅದೂ ಒಂದು ಸ್ಪ್ರಿಂಗ್," ಎಂದರು.

"ಮಾಡಿಲ್ರಿ," ಎಂದೆ. "ಸ್ಪ್ರಿಂಗ್ ಬರೋಬರಿ ಇತ್ತು. ವಿಭೂತಿ ಬಳದು ವಾಲ್ವ್ ಮುಚ್ಚಿದಾಂವ ನಾನು."

ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಬಾಗಿಲಿಗೆ ಕಾಕು ಬಂದು ನಿಂತಿದ್ದರು.

"ಇನ್ನೊಮ್ಮೆ ಹೇಳು," ಎಂದರು. "ಗಟ್ಟ್ಯಾಗಿ ಹೇಳು. ಎಲ್ಲಾರಿಗೂ ಕೇಳ್ಲಿ."